ಗಾಜಿನ ಆಚೆ ಮಲಗಿದವರು

ನೇಪಲ್ಸಿನಿಂದ ಹೊರಡುವ ಲೋಕಲ್ ರೈಲು ವೆಸುವಿಯಸ್ ಬೆಟ್ಟದ ಬುಡವನ್ನು ಬಳಸಿಕೊಂಡು ಮುಕ್ಕಾಲು ಗಂಟೆಯೊಳಗೆ ಪಾಂಪೆ ಮುಟ್ಟುತ್ತದೆ. ದಾರಿಯುದ್ದಕ್ಕೂ ಬಟ್ಟೆ ಒಣಹಾಕಿದ ಬಾಲ್ಕನಿಗಳು, ನಡುನಡುವೆ ಇಣುಕುವ ಸಮುದ್ರ. ಇಳಿದರೆ ನಿಂಬೆ ಶರಬತ್ತು ಮಾರುವವರು, ಟೋಪಿ ಮಾರುವವರು, ಟಿಕೆಟ್ಟಿನ ಸಾಲು. ಈಗ ವರ್ಷಕ್ಕೆ 40 ಲಕ್ಷದಷ್ಟು ಜನ ಇಲ್ಲಿಗೆ ಬರುತ್ತಾರೆ. ನೂಕುನುಗ್ಗಲು ತಾಳಲಾರದೆ 2024ರ ನವೆಂಬರಿನಲ್ಲಿ ದಿನಕ್ಕೆ 20,000 ಮಂದಿ ಎಂಬ ಮಿತಿ ಹಾಕಿದರು. ಇಷ್ಟೊಂದು ಜನ ಏನನ್ನು ನೋಡಲು ಬರುತ್ತಾರೆ? ಕ್ರಿ.ಶ. 79ರಲ್ಲಿ ಬೂದಿಯಡಿ ಹೂತುಹೋದ ಊರನ್ನು ಎಂದು ಹೇಳಿಕೊಳ್ಳುತ್ತೇವೆ. ಆದರೆ ಗೇಟು ದಾಟಿದ ಮೇಲೆ ಕಣ್ಣು ಹುಡುಕುವುದು ಊರನ್ನಲ್ಲ, ಸತ್ತವರನ್ನು.

ಅವರನ್ನು ಹೆಣ ಅನ್ನಬೇಕೋ ಬೊಂಬೆ ಅನ್ನಬೇಕೋ ಎಂಬಲ್ಲೇ ತೊಡಕಿದೆ. ಬಿಸಿ ಬೂದಿಯಲ್ಲಿ ಸಿಕ್ಕಿ ಸತ್ತವರ ಸುತ್ತ ಆ ಬೂದಿ ಗಟ್ಟಿಯಾಯಿತು. ಕಾಲಾಂತರದಲ್ಲಿ ಮಾಂಸ ಕರಗಿ, ಮೈಯ ಆಕಾರದ ಪೊಳ್ಳು ಉಳಿಯಿತು. ಉತ್ಖನನದ ಹೊಣೆ ಹೊತ್ತಿದ್ದ ಜುಸೆಪ್ಪೆ ಫಿಯೊರೆಲ್ಲಿ 1863ರಲ್ಲಿ ಆ ಪೊಳ್ಳುಗಳಿಗೆ ಪ್ಲಾಸ್ಟರ್ ಹೊಯ್ಯಿಸಿದ. ಸುತ್ತಲಿನ ಬೂದಿ ಬಿಡಿಸಿದಾಗ ಎದ್ದುಬಂದವರು ಮುಖಕ್ಕೆ ಕೈ ಅಡ್ಡ ಹಿಡಿದವರು, ಮೊಣಕಾಲು ಮಡಚಿ ಮುದುಡಿಕೊಂಡವರು. ಇಂಥ ಸುಮಾರು ನೂರು ಅಚ್ಚುಗಳಿವೆ. ಮೇಲಿನದು ಪ್ಲಾಸ್ಟರ್, ಒಳಗಿರುವುದು ಅವರದೇ ಎಲುಬು. ಓಡಿಹೋಗುತ್ತಿದ್ದವರ ತೋಟವೆಂದು ಹೆಸರಾದ ಜಾಗದಲ್ಲಿ ಮಕ್ಕಳೂ ಸೇರಿ ಹದಿಮೂರು ಮಂದಿ ಗಾಜಿನ ಆಚೆ ಮಲಗಿದ್ದಾರೆ. ಗಾಜಿನ ಈಚೆ ಫೋನು ಎತ್ತಿಹಿಡಿದ ಕೈಗಳು.

ಇದನ್ನು ನೋಡಬಹುದೇ? ಎರಡು ಸಾವಿರ ವರ್ಷದ ಹಿಂದಿನವರು, ನೋಯುವ ನೆಂಟರೂ ಉಳಿದಿಲ್ಲ, ನೋಡಿದರೆ ತಪ್ಪೇನು ಎನ್ನುವುದು ಒಂದು ವಾದ. ಈ ವಾದ ಕಾಲವನ್ನೇ ಒಪ್ಪಿಗೆ ಎಂದುಕೊಳ್ಳುತ್ತದೆ. ಹಾಗಾದರೆ ಎಷ್ಟು ವರ್ಷ ಕಳೆದರೆ ಒಬ್ಬರ ಸಾವು ಉಳಿದವರ ನೋಟಕ್ಕೆ ಒದಗಬಹುದು? ಐನೂರೇ, ಐವತ್ತೇ? ರಸ್ತೆಯಲ್ಲಿ ಅಪಘಾತವಾದಾಗ ಐದು ನಿಮಿಷವೂ ಕಾಯದೆ ವಿಡಿಯೋ ಮಾಡುವವರಿದ್ದಾರೆ. ಅವರಿಗೂ ನಮಗೂ ಇರುವ ವ್ಯತ್ಯಾಸ ಬರೀ ವರ್ಷಗಳ ಲೆಕ್ಕವಾದರೆ ಅದು ಬಹಳ ತೆಳುವಾದ ವ್ಯತ್ಯಾಸ.

ಇನ್ನೊಂದು ವಾದ ಇದಕ್ಕಿಂತ ಗಟ್ಟಿ: ನೋಡಿದರೆ ಕರುಣೆ ಹುಟ್ಟುತ್ತದೆ. ನೂರು ಪುಟದ ಇತಿಹಾಸ ಮಾಡಲಾಗದ್ದನ್ನು ಆ ಮುದುಡಿದ ಮೈ ಒಂದು ಗಳಿಗೆಯಲ್ಲಿ ಮಾಡುತ್ತದೆ. ನಿಜವೇ. ಆದರೆ ಕರುಣೆಗೂ ಒಂದು ಅವಸರವಿದೆ. ಚಿನ್ನದ ಬಳೆಯ ಮನೆ ಎಂದು ಕರೆಯುವ ಮನೆಯೊಂದರಲ್ಲಿ ಬಳೆ ತೊಟ್ಟ ವ್ಯಕ್ತಿಯೊಬ್ಬರು ಮಗುವಿನ ಜತೆ ಸಿಕ್ಕಿದ್ದರು. ತಾಯಿ-ಮಗು ಎಂದು ಎಲ್ಲರೂ ನಂಬಿದರು, ಬರೆದರು, ಮರುಗಿದರು. 2024ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನದ ಪ್ರಕಾರ ಆ ವ್ಯಕ್ತಿ ಗಂಡಸು, ಮಗುವಿಗೂ ಅವನಿಗೂ ರಕ್ತಸಂಬಂಧವಿಲ್ಲ. ಹಾಗಾದರೆ ಯಾರದೋ ಮಗುವನ್ನು ಕಾಪಾಡಲು ಹೊರಟವನು ತಾಯಿಗಿಂತ ದೊಡ್ಡವನಲ್ಲವೇ ಎಂದು ಮನಸ್ಸು ಕೂಡಲೇ ಹೇಳುತ್ತದೆ. ಅದು ಮತ್ತೊಂದು ಕಟ್ಟುಕಥೆ. ಕೊನೆಯ ಗಳಿಗೆಯಲ್ಲಿ ಅವರಿಬ್ಬರೂ ಹತ್ತಿರವಿದ್ದರು. ನಮಗೆ ತಿಳಿದಿರುವುದು ಅಷ್ಟೇ. ಮಾತಾಡಲಾರದವರ ಪರವಾಗಿ ನಾವು ಮಾತಾಡುತ್ತೇವೆ, ಆಮೇಲೆ ನಮ್ಮದೇ ಮಾತಿಗೆ ಕಣ್ಣೀರು ಹಾಕುತ್ತೇವೆ.

ಹಾಗೆಂದು ಕಣ್ಣು ಮುಚ್ಚಿಕೊಳ್ಳಬೇಕೇ? ಪಾಂಪೆಯವರೇ ಇದಕ್ಕೆ ಅರ್ಧ ಉತ್ತರ ಕೊಟ್ಟಿದ್ದಾರೆ. ರೋಮನ್ನರು ಊರೊಳಗೆ ಹೂಳುತ್ತಿರಲಿಲ್ಲ. ಊರಬಾಗಿಲ ಹೊರಗೆ, ದಾರಿಯ ಎರಡೂ ಬದಿಗೆ ಸಮಾಧಿ ಕಟ್ಟುತ್ತಿದ್ದರು. ಬರುವವರು ಹೋಗುವವರು ನೋಡಲಿ, ಹೆಸರು ಓದಲಿ ಎಂಬುದೇ ಉದ್ದೇಶ. ಹೆರ್ಕ್ಯುಲೇನಿಯಂ ಬಾಗಿಲ ಹೊರಗೆ ಮಾಮಿಯಾ ಎಂಬ ಪೂಜಾರಿಣಿಯ ಸಮಾಧಿಯಿದೆ. ಅದು ಅರ್ಧಚಂದ್ರಾಕಾರದ ಒಂದು ಕಲ್ಲಿನ ಆಸನ, ದಣಿದವರು ಕೂರಬಹುದು. 1787ರಲ್ಲಿ ಬಂದ ಜರ್ಮನ್ ಕವಿ ಗಯಟೆ ಅದನ್ನು ಮೆಚ್ಚಿದ್ದ. ಸತ್ತವಳು ತನ್ನನ್ನು ಹೇಗೆ ನೆನೆಯಬೇಕೆಂದು ಇಲ್ಲಿ ತಾನೇ ಆರಿಸಿಕೊಂಡಂತಿದೆ: ಒಂದು ಹೆಸರು, ಒಂದಿಷ್ಟು ವಿಶ್ರಾಂತಿ. ಗಾಜಿನ ಆಚೆ ಮಲಗಿದವರಿಗೆ ಆ ಆಯ್ಕೆ ಸಿಗಲಿಲ್ಲ. ಅವರ ಬಾಳಿನ ಎಲ್ಲ ದಿನಗಳಲ್ಲಿ ಅತಿ ಕೆಟ್ಟ ಗಳಿಗೆಯೊಂದೇ ನಮಗೆ ಅವರ ಗುರುತಾಯಿತು.

ನೋಡುವುದರಲ್ಲಿ ಅನ್ಯಾಯವಿದ್ದರೆ ಅದು ಇಲ್ಲಿದೆ ಎಂದು ನನಗನ್ನಿಸುತ್ತದೆ. ಸಾವನ್ನು ನೋಡಿದ್ದರಲ್ಲಲ್ಲ, ಅದೊಂದನ್ನೇ ನೋಡಿ ಹೊರಟುಬಿಡುವುದರಲ್ಲಿ. ಉಳಿದ ಊರು ಪಕ್ಕದಲ್ಲೇ ಬಿದ್ದಿದೆ. ಬೀದಿಯ ಕಲ್ಲುಹಾಸಿನಲ್ಲಿ ಗಾಡಿಚಕ್ರ ಕೊರೆದ ಜಾಡಿದೆ. ಕೊಚ್ಚೆ ತುಳಿಯದೆ ದಾಟಲು ಅಡ್ಡಲಾಗಿ ದಪ್ಪ ಕಲ್ಲುಗಳಿವೆ. ರೊಟ್ಟಿ ಬೇಯಿಸುವ ಒಲೆಗಳ ಪಕ್ಕ ಕತ್ತೆಗಳು ತಿರುಗಿಸುತ್ತಿದ್ದ ಬೀಸುವ ಕಲ್ಲುಗಳಿವೆ. ಗೋಡೆಗಳ ಮೇಲೆ ಇಂಥವರಿಗೆ ಮತ ಹಾಕಿ ಎಂಬ ಬಣ್ಣದ ಬರಹಗಳಿವೆ. 2020ರಲ್ಲಿ ಬಯಲಾದ ಬೀದಿಬದಿಯ ಊಟದಂಗಡಿಯೊಂದರ ಗುಡಾಣಗಳಲ್ಲಿ ಬಾತುಕೋಳಿ, ಮೀನು, ಬಸವನಹುಳುವಿನ ಉಳಿಕೆ ಸಿಕ್ಕಿತು. ಮೂಲೆಮೂಲೆಗೂ ನೀರಿನ ತೊಟ್ಟಿ. ಅದರ ಅಂಚಿನಲ್ಲಿ ಒಂದು ಕಡೆ ಕಲ್ಲು ಸವೆದು ತಗ್ಗಾಗಿದೆ. ಬಗ್ಗಿ ನೀರು ಕುಡಿಯುವವರು ಅಲ್ಲಿ ಕೈ ಊರಿ ಊರಿ ಆದ ತಗ್ಗದು. ಅಲ್ಲಿ ಯಾರೂ ಫೋಟೋಕ್ಕೆ ಸಾಲು ನಿಲ್ಲುವುದಿಲ್ಲ.

ಪಾಂಪೆಯಲ್ಲಿ ಎರಡು ನಾಯಿಗಳಿವೆ. ಒಂದು, ಮನೆಯೊಂದರ ಹೊಸ್ತಿಲಲ್ಲಿ ಸಣ್ಣ ಕಲ್ಲುಗಳಿಂದ ಮಾಡಿದ ಚಿತ್ರ. ಕೆಳಗೆ ‘ನಾಯಿ ಇದೆ ಎಚ್ಚರಿಕೆ’ ಎಂಬರ್ಥದ ಲ್ಯಾಟಿನ್ ಬರಹ. ನಮ್ಮ ಗೇಟುಗಳ ಮೇಲಿನ ಫಲಕವೇ ನೆನಪಾಗಿ ನಗು ಬರುತ್ತದೆ. ಇನ್ನೊಂದು ನಿಜವಾದ ನಾಯಿಯ ಪ್ಲಾಸ್ಟರ್ ಅಚ್ಚು: ಸರಪಳಿಯಲ್ಲಿ ಕಟ್ಟಿಹಾಕಿದ್ದರಿಂದ ಓಡಲಾಗದೆ, ಬೆನ್ನ ಮೇಲೆ ತಿರುಚಿಕೊಂಡು ಸತ್ತದ್ದು. ಎರಡನೆಯದನ್ನು ನೋಡಿದವರು ಮೊದಲನೆಯದನ್ನೂ ನೋಡಬೇಕು, ನಕ್ಕು ಬರಬೇಕು. ಆಗಷ್ಟೇ ಅಲ್ಲೊಂದು ಮನೆಯಿತ್ತು, ಬಂದವರಿಗೆ ಬೊಗಳುವ ಪ್ರಾಣಿಯಿತ್ತು ಎಂಬುದು ಅರ್ಥವಾಗುತ್ತದೆ. ಕಳೆದುಹೋದದ್ದು ಏನೆಂದು ತಿಳಿಯದೆ ಕಳೆದುಕೊಂಡವರಿಗಾಗಿ ಮರುಗುವುದು ಹೇಗೆ?

ಸತ್ತವರಿಂದ ನಾವಿನ್ನು ಒಪ್ಪಿಗೆ ಕೇಳಲಾರೆವು. ಆದರೆ ಗಾಜಿನ ಮುಂದೆ ಐದು ನಿಮಿಷ ನಿಂತವರು ನೀರಿನ ತೊಟ್ಟಿಯ ಬಳಿ ಹತ್ತು ನಿಮಿಷ ನಿಲ್ಲಬಹುದು. ಆ ಸವೆದ ಅಂಚಿನ ಮೇಲೆ ಕೈ ಊರಿದವರಲ್ಲಿ ಗಾಜಿನ ಆಚೆಯವರೂ ಇದ್ದಿರಬಹುದು, ಬಾಯಾರಿಕೆಯ ಹೊರತು ಬೇರೆ ಯಾವ ಚಿಂತೆಯೂ ಇಲ್ಲದ ಒಂದು ಮಧ್ಯಾಹ್ನ.