ಕೈ ಒಣಗುವವರೆಗೆ

ಕುರ್ಲಾ ಸ್ಟೇಷನ್ನಿನ ಸೇತುವೆ ಇಳಿದು ಪೂರ್ವದ ಕಡೆಯ ನಮ್ಮ ಮನೆ ಸೇರುವಾಗ ರಾತ್ರಿ ಒಂಬತ್ತು ದಾಟಿರುತ್ತದೆ. ಏನು ಅಡುಗೆ ಮಾಡಲಿ ಎಂದು ಯೋಚಿಸುವ ತ್ರಾಣವೂ ಆಗ ಇರುವುದಿಲ್ಲ. ಫ್ರಿಜ್ಜಿನಲ್ಲಿ ಮಧ್ಯಾಹ್ನದ ಕುಚ್ಚಲಕ್ಕಿ ಅನ್ನ, ಅರ್ಧ ಹೋಳು ತೆಂಗಿನಕಾಯಿ, ಒಂದು ಲೋಟ ಮಜ್ಜಿಗೆ. ಕಾಯಿಗೆ ಜೀರಿಗೆ, ನಾಲ್ಕು ಕಾಳುಮೆಣಸು ಸೇರಿಸಿ ರುಬ್ಬಿ ಮಜ್ಜಿಗೆಗೆ ಕಲಸಿದರೆ ತಂಬುಳಿ. ಊರಿಂದ ಮತ್ಸ್ಯಗಂಧ ರೈಲಿನಲ್ಲಿ ಬಂದ ಹಲಸಿನ ಹಪ್ಪಳ ಡಬ್ಬಿಯ ತಳದಲ್ಲಿ ಇನ್ನೂ ನಾಲ್ಕು ಉಳಿದಿವೆ. ಅನ್ನ ಸಾಲದು ಅಂತ ಮಗ ಕೆಳಗಿನ ಬೇಕರಿಯಿಂದ ಲಾದಿ ಪಾವ್ ತರುತ್ತಾನೆ. ತಂಬುಳಿಗೆ ಪಾವ್ ಅದ್ದಿ ತಿನ್ನುವುದನ್ನು ಊರಿನವರು ನೋಡಿದರೆ ಏನೆನ್ನುತ್ತಾರೋ, ನಮಗೆ ರುಚಿಸುತ್ತದೆ. ಚಾಪೆ ಹಾಸಿದರೆ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಜಾಗ. ನಾಲ್ವರೂ ಕೂರುತ್ತೇವೆ.

ನಮ್ಮ ಮನೆಯ ಒಳ್ಳೆಯ ಮಾತುಗಳೆಲ್ಲ ಇಂಥ ರಾತ್ರಿಗಳಲ್ಲೇ ಹುಟ್ಟಿವೆ. ಹಬ್ಬದ ದಿನ ನಾನು ಬಡಿಸುವುದರಲ್ಲಿ ಮುಳುಗಿರುತ್ತೇನೆ. ಮಾತೆಲ್ಲ ಉಪ್ಪು ಹುಳಿಯ ಸುತ್ತಲೇ ತಿರುಗುತ್ತದೆ. ಇದ್ದದ್ದರಲ್ಲೇ ಹೊಂದಿಸಿಕೊಂಡ ದಿನ ಎಲ್ಲರ ಕೈಯೂ ಅಡುಗೆಗೆ ತಗಲಿರುತ್ತದೆ, ಎಲ್ಲರೂ ಒಟ್ಟಿಗೇ ಕೂತಿರುತ್ತೇವೆ, ತಟ್ಟೆಯಲ್ಲಿರುವುದನ್ನು ಸ್ವಲ್ಪ ಹೊಸ ಕಣ್ಣಿನಿಂದಲೇ ನೋಡುತ್ತೇವೆ.

ಹೀಗೊಂದು ರಾತ್ರಿ ಮಗಳು ಬೆರಳ ತುದಿಯಲ್ಲಿ ಒಂದೇ ಒಂದು ಅಗುಳು ಎತ್ತಿ ದೀಪಕ್ಕೆ ಹಿಡಿದಳು. ದಪ್ಪ ಅಗುಳು, ಮೈಮೇಲೆ ಕೆಂಪು ಗೆರೆ. "ಅಮ್ಮಾ, ಫ್ರೆಂಡ್ಸ್ ಡಬ್ಬಿಯಲ್ಲಿ ಅನ್ನ ಬೆಳ್ಳಗೆ ಇರ್ತದೆ. ನಮ್ಮದು ಎಂತಕ್ಕೆ ಹೀಗೆ?" "ಅದು ಊರಿನ ಅಕ್ಕಿ" ಎಂದೆ. ಅದು ಉತ್ತರವಲ್ಲ ಎಂದು ಹೇಳುವಾಗಲೇ ಗೊತ್ತಾಯಿತು. ಹುಟ್ಟಿದಂದಿನಿಂದ ಉಂಡ ಅನ್ನದ ಬಗ್ಗೆ ನನಗೆ ಇಷ್ಟೇ ತಿಳಿದಿರುವುದೇ?

ಊರಿಗೆ ಫೋನ್ ಮಾಡಿ ತಟ್ಟೆಯ ಪಕ್ಕದಲ್ಲೇ ಇಟ್ಟೆವು. ಅಮ್ಮ ಹೇಳಿದರು: "ಭತ್ತವನ್ನು ಸಿಪ್ಪೆ ಸಮೇತ ಹಂಡೆಯಲ್ಲಿ ಬೇಯಿಸುವುದು ಮಗಾ. ಅಂಗಳದಲ್ಲಿ ಹರಡಿ ಒಣಗಿಸಿ ಆಮೇಲೆ ಅಕ್ಕಿ ಮಾಡುವುದು. ಬೇಯುವಾಗ ಹೊರಗಿನ ಸಾರ ಒಳಗೆ ಇಳಿತದೆ." ಅಮ್ಮನ ಮಾತು ಅಕ್ಷರಶಃ ನಿಜ. ತೌಡಿನಲ್ಲಿರುವ ಬಿ-1 ಜೀವಸತ್ವದ ಒಂದು ಪಾಲು ಆ ಬಿಸಿನೀರಿನೊಂದಿಗೆ ಕಾಳಿನ ಒಳಕ್ಕೆ ಸೇರುತ್ತದೆ. ಆಮೇಲೆ ತೌಡು ಹೋದರೂ ಅದು ಉಳಿದುಕೊಳ್ಳುತ್ತದೆ.

ಮಾತಿಗೆ ಮಗ ಒಂದು ಕಥೆ ಕೂಡಿಸಿದ. ಸುಮಾರು 1890ರಲ್ಲಿ, ಈಗ ಜಕಾರ್ತಾ ಎನ್ನುವ ಬಟೇವಿಯಾದಲ್ಲಿ, ಕ್ರಿಸ್ಟಿಯಾನ್ ಐಕ್‌ಮನ್ ಎಂಬ ಡಚ್ ವೈದ್ಯ ಬೆರಿಬೆರಿ ಕಾಯಿಲೆಯ ಬೆನ್ನು ಹತ್ತಿದ್ದ. ಅವನ ಪ್ರಯೋಗಾಲಯದ ಕೋಳಿಗಳು ಇದ್ದಕ್ಕಿದ್ದಂತೆ ಕಾಲಿನ ಶಕ್ತಿ ಕಳೆದುಕೊಂಡವು, ಕೆಲವು ತಿಂಗಳಾದ ಮೇಲೆ ತಾವೇ ಚೇತರಿಸಿಕೊಂಡವು. ವಿಚಾರಿಸಿದರೆ ಕಾರಣ ಅಡುಗೆಮನೆಯಲ್ಲಿತ್ತು. ಆ ಕೋಳಿಗಳಿಗೆ ಮಿಲಿಟರಿ ಆಸ್ಪತ್ರೆಯಲ್ಲಿ ಉಳಿದ ಪಾಲಿಶ್ ಅಕ್ಕಿಯ ಅನ್ನ ಹಾಕುತ್ತಿದ್ದರಂತೆ. ಹೊಸದಾಗಿ ಬಂದ ಅಡುಗೆಯವನು ಕೊಡುವುದಿಲ್ಲ ಎಂದಮೇಲೆ ಅವುಗಳಿಗೆ ತೌಡಿರುವ ಅಕ್ಕಿಯೇ ಗತಿಯಾಯಿತು. ಆ ಎಳೆ ಹಿಡಿದು ಹೊರಟವರು ಅದೇ ಬಿ-1 ಜೀವಸತ್ವದವರೆಗೆ ತಲುಪಿದರು. 1929ರಲ್ಲಿ ಐಕ್‌ಮನ್‌ಗೆ ನೊಬೆಲ್ ಬಂತು. ಅದೂ ಉಳಿದ ಅನ್ನವೇ! ನಮ್ಮ ತಟ್ಟೆಗಳತ್ತ ನೋಡಿಕೊಂಡು ನಾವು ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಉಣ್ಣುವಾಗ ಮಾತು ಬೇಡ" ಎನ್ನುತ್ತಿದ್ದಳು ನನ್ನ ಅಜ್ಜಿ. ಅದೇ ಅಜ್ಜಿಯ ಬಾಯಲ್ಲೇ ಕೇಳಿದ ಗಾದೆ, ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ. ಊಟವನ್ನೂ ಮಾತನ್ನೂ ನಮ್ಮ ಹಿರಿಯರು ಒಂದೇ ಉಸಿರಿನಲ್ಲಿ ಹೇಳಿದ್ದಾರೆ. ಅಜ್ಜಿ ಬೇಡವೆಂದದ್ದು ಹರಟೆಯನ್ನಿರಬೇಕು. ಎಲ್ಲ ಪ್ರಶ್ನೆಯೂ ಮಾತು ಬೆಳೆಸುವುದಿಲ್ಲ. "ಸ್ಕೂಲಲ್ಲಿ ಏನಾಯ್ತು" ಎಂದರೆ "ಏನಿಲ್ಲ" ಎಂಬ ಉತ್ತರ ಬರುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಕೂತವರಲ್ಲಿ ಯಾರಿಗೂ ಉತ್ತರ ಗೊತ್ತಿಲ್ಲದ ಪ್ರಶ್ನೆ ಬಿದ್ದಾಗ ದೊಡ್ಡವರು ಚಿಕ್ಕವರು ಒಂದೇ ಮಟ್ಟದಲ್ಲಿರುತ್ತಾರೆ.

ಊಟದ ಹೊತ್ತಿನ ಮಾತಿನ ಬೆಲೆ ನಾನು ಕಲಿತದ್ದು 2005ರ ಜುಲೈ 26ರ ರಾತ್ರಿ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ಮಿಠಿ ನದಿ ಉಕ್ಕಿತ್ತು. ಲೋಕಲ್ ರೈಲು ನಿಂತಿತ್ತು, ಕುರ್ಲಾದಲ್ಲಿ ನಮ್ಮ ಚಾಳಿನ ಕೆಳಗಿನ ಮನೆಗಳಿಗೆ ನೀರು ನುಗ್ಗಿತ್ತು, ಕರೆಂಟಿರಲಿಲ್ಲ. ಕೆಳಗಿನ ಮನೆಯ ಮಾವಶಿ ತೊಗರಿಬೇಳೆಯ ಡಬ್ಬಿಯನ್ನು ತಲೆಯ ಮೇಲಿಟ್ಟುಕೊಂಡು ಮಕ್ಕಳೊಂದಿಗೆ ಮೇಲೆ ಬಂದಳು. ಅವಳ ಬೇಳೆ, ನಮ್ಮ ಅಕ್ಕಿ, ಸೀಮೆಎಣ್ಣೆ ಸ್ಟೌ: ಒಂದು ಪಾತ್ರೆ ಖಿಚಡಿ, ಒಂಬತ್ತು ಜನ. ಮೇಣದಬತ್ತಿಯ ಬೆಳಕಿನಲ್ಲಿ ಅಪ್ಪ, ಕೇಳದೆಯೇ, ಮಾತಾಡತೊಡಗಿದರು. ಹದಿಮೂರನೇ ವಯಸ್ಸಿಗೆ ಮುಂಬಯಿಗೆ ಬಂದು ಹೋಟೆಲಿನಲ್ಲಿ ಲೋಟ ತೊಳೆದದ್ದು, ಸಂಜೆ ಕನ್ನಡ ರಾತ್ರಿಶಾಲೆ, ಶಟರ್ ಎಳೆದ ಮೇಲೆ ಹುಡುಗರೆಲ್ಲ ಸಾಲಾಗಿ ಕೂತು ಉಳಿದ ಅನ್ನ, ಉಳಿದ ಸಾರು ಉಂಡದ್ದು. ಆಗ ಅಡುಗೆಯ ಹಿರಿಯರು ಬಡಿಸುತ್ತಾ ಒಬ್ಬೊಬ್ಬರನ್ನೇ ಕೇಳುತ್ತಿದ್ದರಂತೆ: "ಇವತ್ತು ಹೊಸತು ಎಂತ ನೋಡಿದೆ?" ಉತ್ತರ ಬೇಕೆಂದೇ ಅಪ್ಪ ದಾರಿಯಲ್ಲಿ ಕಣ್ಣು ತೆರೆದು ನಡೆಯಲು ಕಲಿತರಂತೆ. ಅಷ್ಟು ವರ್ಷ ಅವರ ಪಕ್ಕದಲ್ಲೇ ಕೂತು ಉಂಡಿದ್ದೆ. ಆ ಹದಿಮೂರರ ಹುಡುಗನನ್ನು ಅದೇ ಮೊದಲು ಕಂಡೆ.

ಅಗುಳಿನೊಳಗೆ ಅಷ್ಟಿದ್ದರೆ ಎದುರು ಕೂತ ಮನುಷ್ಯನೊಳಗೆ ಇನ್ನೆಷ್ಟಿರಬೇಡ! ಈಗ ಅಪ್ಪ ಇಲ್ಲ. ಅವರಿಂದ ಕೇಳಿದ ಆ ಪ್ರಶ್ನೆ ನಮ್ಮ ಚಾಪೆಯ ಮೇಲೆ ಉಳಿದಿದೆ, ದಿನಕ್ಕೊಬ್ಬರು ಕೇಳುತ್ತಾರೆ.

ನಿನ್ನೆ ತಟ್ಟೆ ಖಾಲಿಯಾಗಿ ಬಹಳ ಹೊತ್ತಾದ ಮೇಲೆ ಮಗಳು ಕೇಳಿದಳು, "ಕಾಳುಮೆಣಸಿನ ಖಾರ, ಹಸಿಮೆಣಸಿನ ಖಾರ ಬೇರೆಬೇರೆ ಎಂತಕ್ಕೆ?" ಯಾರಿಗೂ ಗೊತ್ತಿರಲಿಲ್ಲ. ಎಂಜಲು ಕೈ ಒಣಗಿಸಿಕೊಂಡು ಕೂರಬಾರದು ಎಂದು ಅಜ್ಜಿ ಗದರುತ್ತಿದ್ದಳು. ನೋಡಿದರೆ ನಾಲ್ವರ ಕೈಯೂ ಒಣಗಿತ್ತು. ಯಾರೂ ಏಳಲಿಲ್ಲ.