ಹೇಗೂ ಬಿಸಾಡುವ ಚರ್ಮ

ಸುಟ್ಟ ಗಾಯದ ಬ್ಯಾಂಡೇಜು ಬದಲಿಸುವುದನ್ನು ಹತ್ತಿರದಿಂದ ಕಂಡವರು ಮತ್ತೆ ಮರೆಯಲಾರರು. ಬಟ್ಟೆ ಗಾಯಕ್ಕೆ ಅಂಟಿರುತ್ತದೆ. ಬಿಡಿಸುವಾಗ ಆಗಷ್ಟೇ ಮೂಡುತ್ತಿದ್ದ ಎಳೆಯ ಚರ್ಮವೂ ಕಿತ್ತುಬರುತ್ತದೆ. ಮರುದಿನ ಮತ್ತೆ ಅದೇ.

ಬ್ರೆಜಿಲ್ಲಿನ ಫೋರ್ಟಲೇಜಾ ನಗರದ ವೈದ್ಯರು ಇದಕ್ಕೆ ತಿಲಾಪಿಯಾ ಮೀನಿನ ಚರ್ಮವನ್ನು ಬಳಸಿ ನೋಡಿದರು. ಅಲ್ಲಿ ಮಾಂಸಕ್ಕಾಗಿ ಸಾಕುವ ಮೀನು ಅದು. ಚರ್ಮವನ್ನು ತೊಳೆದು, ಸೋಂಕು ಕಳೆದು ಗಾಯದ ಮೇಲೆ ಹಾಸಿದರೆ ದಿನಗಟ್ಟಲೆ ಹಾಗೇ ಇರುತ್ತದೆ. ಅದರಲ್ಲಿ ಕೊಲಾಜನ್ ಹೇರಳ, ಗಾಯದ ತೇವವೂ ಆರುವುದಿಲ್ಲ. ದಿನಾ ಬಿಚ್ಚುವ ಹಿಂಸೆ ತಪ್ಪಿತು.

ಇದರಲ್ಲಿ ತಪ್ಪೇನಿದೆ ಎಂದು ಕೇಳಿದರೆ, ಚರ್ಮ ಹೇಗೂ ಕಸಕ್ಕೆ ಹೋಗುತ್ತಿತ್ತಲ್ಲ ಎನ್ನುತ್ತಾರೆ. ಆ ‘ಹೇಗೂ’ ನನ್ನನ್ನು ಕಾಡುತ್ತದೆ. ಔಷಧಿಯಾದ ದಿನದಿಂದ ಅದು ಕಸವಲ್ಲ, ಅದಕ್ಕೂ ಬೆಲೆ ಬರುತ್ತದೆ. ನಾಳೆ ಚರ್ಮಕ್ಕಾಗಿಯೇ ಮೀನು ಸಾಕಿದರೆ ಈ ಸಮಾಧಾನ ನಿಲ್ಲುತ್ತದೆಯೇ? ಹಾಸಿಗೆಯ ಮೇಲೆ ನರಳುವವರ ಮುಂದೆ ಇದನ್ನು ಕೇಳುವ ಧೈರ್ಯ ಮಾತ್ರ ನನಗಿಲ್ಲ. ಗಾಯವಿಲ್ಲದವನಿಗೆ ಇಂಥ ಸಂಶಯಗಳು ಸುಲಭ.

ಇನ್ನೊಂದು ಮಾತು. ಸುಟ್ಟವರಿಗೆ ಮನುಷ್ಯರ ಚರ್ಮವನ್ನೇ ಹೊದಿಸಬಹುದು, ಅದಕ್ಕಾಗಿ ಚರ್ಮದ ಬ್ಯಾಂಕುಗಳಿವೆ. ಬ್ರೆಜಿಲ್ಲಿನಲ್ಲಿ ಮೀನಿನ ಕಡೆ ನೋಡಬೇಕಾಗಿ ಬಂದದ್ದಕ್ಕೆ ಆ ಬ್ಯಾಂಕುಗಳ ಕೊರತೆಯೂ ಒಂದು ಕಾರಣ. ನಮ್ಮಲ್ಲೂ ಕೊಡುವವರು ಕಡಿಮೆ. ಸತ್ತ ಮೇಲೆ ತೊಡೆ, ಬೆನ್ನುಗಳಿಂದ ತೆಳುವಾದ ಪದರವೊಂದನ್ನು ತೆಗೆಯುತ್ತಾರೆ, ಅಷ್ಟೇ. ರಕ್ತದ ಗುಂಪು ಕೂಡಬೇಕೆಂದೂ ಇಲ್ಲ. ಕಣ್ಣು ಕೊಡುತ್ತೇನೆಂದು ಎಂದೋ ಸಹಿ ಹಾಕಿದ ನನಗೆ ಚರ್ಮ ಎಂದಾಗ ಕೈ ಬರಲಿಲ್ಲ. ನೋವಾಗುತ್ತದೆಂದೇ? ಹೆಣಕ್ಕೆ ಎಂಥ ನೋವು! ಮೀನು ಕೊಟ್ಟಿತು ಎಂದು ನಾವು ಸಲೀಸಾಗಿ ಹೇಳುತ್ತೇವೆ. ಅದನ್ನು ಯಾರೂ ಕೇಳಲಿಲ್ಲ. ನನ್ನನ್ನು ಕೇಳಿದ್ದರು.

2017ರ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಕಾಡ್ಗಿಚ್ಚಿನಲ್ಲಿ ಎರಡು ಕರಡಿಗಳ ಪಾದಗಳು ಸುಟ್ಟಿದ್ದವು. ಪಶುವೈದ್ಯರು ತಿಲಾಪಿಯಾ ಚರ್ಮ ಹೊಲಿದು, ಮೇಲೆ ಜೋಳದ ಸಿಪ್ಪೆ ಸುತ್ತಿದರು. ಕರಡಿ ಬ್ಯಾಂಡೇಜು ಕಿತ್ತು ತಿಂದರೂ ಕೇಡಾಗಬಾರದೆಂಬ ಮುಂದಾಲೋಚನೆ. ಅವುಗಳಲ್ಲೊಂದು ಬಸುರಿ. ಅದರ ಪಾದ ಮಾಯಿಸಲು ಮೀನಿನ ಚರ್ಮ ಬೇಡವೆನ್ನಲು ನನಗೆ ಮನಸ್ಸಾಗದು. ಕಾಡಿನಲ್ಲಿ ಅದೇ ಕರಡಿ ಆ ಮೀನನ್ನು ತಿನ್ನುತ್ತಿತ್ತು, ಬಿಡಿ.

ಚರ್ಮದಾನದ ಅರ್ಜಿಯನ್ನು ಮೊನ್ನೆ ಮತ್ತೆ ತೆಗೆದಿಟ್ಟಿದ್ದೇನೆ. ಮನೆಯವರಿಗೆ ಇನ್ನೂ ಹೇಳಿಲ್ಲ.