ಕೊಟ್ಟದ್ದನ್ನು ಕೇಳುವುದು

"ಹೋಗ್ಲಿ ಬಿಡವ್ವ, ಸರ್ಕಾರದ ಕೂಡ ಏನ್ ಜಗಳ?" ಎಂದಳು ಗಿಲ್ಲೆಸುಗೂರಿನಲ್ಲಿರುವ ಅವ್ವ. 15ಎಚ್ ಫಾರಂ ಕೊಡಲು ಮರೆತದ್ದಕ್ಕೆ ಬ್ಯಾಂಕಿನವರು ಅವಳ ಠೇವಣಿಯ ಬಡ್ಡಿಯಲ್ಲಿ ಶೇಕಡ 10 ತೆರಿಗೆ ಮುರಿದುಕೊಂಡಿದ್ದರು. ರಿಟರ್ನ್ ಸಲ್ಲಿಸಿ ವರ್ಷವಾದರೂ ಹಣ ಮರಳಲಿಲ್ಲ. ಮೊದಲ ದೂರಿಗೆ 'ಪರಿಶೀಲನೆಯಲ್ಲಿದೆ' ಎಂಬ ಉತ್ತರ. ಮೇಲಿನವರಿಗೆ ಬರೆಯಲು ಕೂತಾಗ ನನಗೂ ಸಂಕೋಚವೇ. ಐದು ಸಾವಿರಕ್ಕೆ ಇಷ್ಟು ಬೆನ್ನು ಹತ್ತುವುದು ಸಣ್ಣತನವೇನೋ!

ಅವ್ವ ನೆರೆಮನೆಯಿಂದ ಸೇರು ಜೋಳ ಕಡ ತಂದರೆ ಬಾಯಿ ಮೀರಿ ತುಂಬಿ ತಿರುಗಿಸುವವಳು. ತಾನು ಕೊಟ್ಟದ್ದನ್ನು ಮಾತ್ರ ಎಂದೂ ಕೇಳಿದವಳಲ್ಲ. ಆದರೆ ಸರ್ಕಾರ ನೆರೆಮನೆಯಲ್ಲ. ತೆರಿಗೆ ಕಟ್ಟಲು ನಾವು ತಡಮಾಡಿದರೆ ತಿಂಗಳಿಗೆ ಶೇಕಡ 1 ಬಡ್ಡಿ. ಹೆಚ್ಚು ಹಿಡಿದದ್ದನ್ನು ಮರಳಿಸಲು ಅವರು ತಡಮಾಡಿದರೆ ಅದರರ್ಧ. ಸೇರು ಅವರದೇ ನೋಡಿ!

ಎರಡನೆಯ ದೂರಿನಲ್ಲಿ 'ದಯವಿಟ್ಟು' ಎಂಬುದನ್ನು ಹೊಡೆದುಹಾಕಿ 'ಬಡ್ಡಿ ಸಹಿತ' ಎಂದು ಸೇರಿಸಿದೆ. ಓದಿಸಿ ಕೇಳಿದ ಅವ್ವ, "ದಯವಿಟ್ಟು ಇರ್ಲೇಳವ್ವ" ಎಂದಳು. ಇಟ್ಟೆ. ಬಡ್ಡಿಯನ್ನೂ ಬಿಡಲಿಲ್ಲ.